ಸುಯಾನ ಕಾಣದ ಅಂಗಳ

ನನ್ನ ಸೊಸೆ ಪಟ್ಟಣದವಳು, ಸ್ಪ್ಯಾನಿಶ್ ಬಿಟ್ಟು ಬೇರೆ ಮಾತು ಬಾರದವಳು. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಬೆಟ್ಟದೂರಿನ ಮಾತು ಕಲಿತೇ ತೀರುತ್ತೇನೆಂದು ಹಟ ಹಿಡಿದು, ಒಂದು ನೋಟ್‌ಬುಕ್ ಹಿಡಿದುಕೊಂಡು ನನ್ನ ಹಿಂದೆ ಮುಂದೆ ತಿರುಗುತ್ತಿದ್ದಳು. ನಾನು ಆಲೂಗಡ್ಡೆ ಸುಲಿದರೆ ಬರೆದುಕೊಳ್ಳುವಳು, ಒಲೆಗೆ ಹೊರೆ ಹೊರುವ ಲಾಮಾದ ಒಣ ಹಿಕ್ಕೆ ಹಾಕಿದರೆ ಬರೆದುಕೊಳ್ಳುವಳು. 'ನಾವು' ಎನ್ನುವ ಮಾತಿಗೆ ಬಂದಾಗ ಅವಳ ಪೆನ್ಸಿಲು ನಿಂತುಬಿಟ್ಟಿತು.

"ಇದಕ್ಕೆ ಎರಡು ಯಾಕತ್ತೆ? ಒಂದು ಸಾಲ್ದಾ?"

"ಸಾಲ್ದು" ಎಂದೆ. "ಒಂದು ಬಾಗಿಲು ತೆಗೆದಿರೋ ನಾವು. ನಾನು, ನನ್ನೋರು, ಕೇಳಿಸ್ಕೊಂತಿರೋ ನೀನು, ಎಲ್ಲಾ ಒಳಗೆ. ಇನ್ನೊಂದು ಬಾಗಿಲು ಹಾಕಿರೋ ನಾವು. ನಾನು, ನನ್ನೋರು ಒಳಗೆ. ನೀನು ಹೊರಗೆ. ನಮ್ಮ ಮನೆ ಅನ್ನೋಕೆ 'ವಸಿಂಚಿಸ್' ಅಂದ್ರೆ ಅದು ನಿನ್ನ ಮನೇನೂ ಹೌದು. 'ವಸಿಯ್ಕು' ಅಂದ್ರೆ ನಮ್ಮದು, ನಿಂದಲ್ಲ. ಬೆಟ್ಟಕ್ಕೂ ಹಂಗೇ. ಅಪುಂಚಿಸ್, ಅಪುಯ್ಕು."

ಹುಡುಗಿ ಒಂದು ಗಳಿಗೆ ಯೋಚಿಸಿ ನಕ್ಕಳು. "ಹಂಗಾದ್ರೆ ನಿಮ್ಮಲ್ಲಿ ಯಾರನ್ನೂ ಬೈಯೋದೇ ಬೇಡ. ಮಾತಿನ ಬಾಲ ಬದಲಾಯಿಸಿದ್ರೆ ಮುಗೀತು."

ಚುರುಕು ಬುದ್ಧಿಯವಳು. ಅವಳು ಒಂದು ಬೆಳಗ್ಗೆಯಲ್ಲಿ ತಿಳಿದುಕೊಂಡದ್ದನ್ನು ನಾನು ಈ ಅಂಗಳದಲ್ಲಿ ಮೂವತ್ತೆಂಟು ವರ್ಷ ಅನುಭವಿಸಿದ್ದೆ. ಅವಳಿಗೆ ಅದನ್ನೇನೂ ಹೇಳಲಿಲ್ಲ. ಅವತ್ತೇ ಅವಳಿಗೆ ಎರಡು ಸಲ ವಸಿಂಚಿಸ್ ಎಂದೆ. ನಮ್ಮಲ್ಲಿ ಹೊಸ ಸೊಸೆಗೆ ಅಷ್ಟು ಬೇಗ ಹಾಗೆ ಹೇಳುವ ರೂಢಿಯಿಲ್ಲ. ನನ್ನ ಗಂಡ ನಿಕಾಸಿಯೋ ಹುಬ್ಬೇರಿಸಿದ. ಏರಿಸಲಿ.

ನಾನು ಬಸೀಲಿಯಾ. ಹುಟ್ಟಿದ್ದು ಕೋಚಪಾಟದಲ್ಲಿ, ಸುಯಾನ ಬೆಟ್ಟದ ಕಾಲಬುಡದಲ್ಲಿ. ಸುಯಾನ ಎಂದರೆ ಕಾಯುವ ಜಾಗ. ಯಾರು ಯಾರನ್ನು ಕಾಯುತ್ತಾರೆ ಎಂದು ಚಿಕ್ಕಂದಿನಲ್ಲಿ ಕೇಳಿದರೆ ಅವ್ವ, "ಮೊದ್ಲು ಕುರಿ ಕಾಯಿ ಹೋಗು" ಎನ್ನುತ್ತಿದ್ದಳು. ನಮ್ಮ ಮನೆಯ ಬಾಗಿಲು ತೆಗೆದರೆ ಎದುರಿಗೆ ಅವನ ಎದೆ. ಬೆಳಗ್ಗೆ ಅಷ್ಟೂ ಹಿಮ, ಕಣ್ಣು ಬಿಡಲಾಗುತ್ತಿರಲಿಲ್ಲ. ಸಂಜೆಯ ಬಣ್ಣವನ್ನು ನನಗೆ ಹೇಳಲು ಬಾರದು. ಅವನ ನೀರು ನಮ್ಮ ಅಂಗಳದ ಕಾಲುವೆಯಲ್ಲೇ ಹರಿಯುತ್ತಿತ್ತು. ಒಂದು ಸಲ ಅವ್ವನ ಡಬ್ಬಿಯಿಂದ ಸಕ್ಕರೆ ಕದ್ದು, ಸುಯಾನನಿಗೆ ಕಾಣಬಾರದೆಂದು ಕಂಬಳಿ ಹೊದ್ದುಕೊಂಡು ತಿಂದಿದ್ದೆ. ಅವ್ವನಿಗೆ ಕಂಡರೂ ಅಷ್ಟು ಭಯವಿರಲಿಲ್ಲ.

ಇಪ್ಪತ್ತು ವರ್ಷವಾದಾಗ ಅಲ್ಪಾಕಾಗಳ ಉಣ್ಣೆ ಕತ್ತರಿಸುವ ಕಾಲದಲ್ಲಿ ಬೆಟ್ಟದ ಕಂಡಿಯ ಆಚೆಯ ಚಿಲ್ಕಪಂಪದಿಂದ ಒಬ್ಬ ಹುಡುಗ ಅಪ್ಪನ ದೊಡ್ಡಿಗೆ ಕೆಲಸಕ್ಕೆ ಬಂದ. ಕೈ ಚುರುಕು, ಮಾತು ಕಡಿಮೆ. ನನಗೆ ಹಿಡಿಸಿದ್ದು ಎರಡನೆಯದು. ಅವನೇ ನಿಕಾಸಿಯೋ. ಮದುವೆಯಾಗಿ ಅವನ ಹಿಂದೆ ಕಂಡಿ ದಾಟಿದೆ. ಬೆಟ್ಟಸಾಲಿನ ಬೆನ್ನಿನ ಮೇಲೆ ಎರಡು ಊರುಗಳ ನಡುವೆ ಇರುವ ದಾರಿ ಅದೊಂದೇ. ಅಲ್ಲಿ ದಾರಿಹೋಕರೆಲ್ಲ ಒಂದೊಂದು ಕಲ್ಲು ಇಟ್ಟು ಹೋದ ದೊಡ್ಡ ಗುಡ್ಡೆಯಿದೆ. ಆ ಗುಡ್ಡೆ ದಾಟಿ ನಾಲ್ಕು ಹೆಜ್ಜೆ ಇಳಿದರೆ ಸುಯಾನ ಮರೆಯಾಗುತ್ತಾನೆ. ಆ ನಾಲ್ಕು ಹೆಜ್ಜೆಯನ್ನು ನಾನು ಎಷ್ಟು ನಿಧಾನ ಇಟ್ಟೆನೆಂದರೆ, ಮಾತು ಕಡಿಮೆಯ ನಿಕಾಸಿಯೋ ಕೂಡ "ಕತ್ತಲಾಗುತ್ತೆ" ಎಂದ.

ಚಿಲ್ಕಪಂಪದವರ ಬೆಟ್ಟ ಕುಂತುರ್ ಸೆಂಕ. ರಣಹದ್ದಿನ ಮೂಗು ಎಂದು ಅರ್ಥ. ಕೆಂಪು ಬಂಡೆ, ಒಣ ಮೈ, ತುದಿಗೆ ಮಾತ್ರ ಚೂರು ಹಿಮ. ನೆಗಡಿಯಾದ ಮೂಗಿನ ಹಾಗೆ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಬಾಯಿ ಬಿಟ್ಟು ಹೇಳಲಿಲ್ಲ. ಅಷ್ಟು ಬುದ್ಧಿ ಇತ್ತು.

ಆದರೆ ಬುದ್ಧಿ ಬೇಕಾದ ಕಡೆ ಕೈಕೊಟ್ಟಿತು. ಮೊದಲ ಆಗಸ್ಟ್ ತಿಂಗಳು, ಬೆಟ್ಟಕ್ಕೆ ಎಡೆ ಇಡುವ ಕಾಲ. ಊರೆಲ್ಲ ಸೇರಿತ್ತು. ಹೊಸ ಸೊಸೆಯೆಂದು ನನ್ನ ಕೈಗೂ ಮೂರು ಕೋಕಾ ಎಲೆ ಕೊಟ್ಟರು. ಎಲೆ ಜೋಡಿಸಿ, ತುಟಿಯ ಹತ್ತಿರ ಹಿಡಿದು, ಉಸಿರೂದಿ, ಬೆಟ್ಟದ ಹೆಸರು ಹಿಡಿದು ಕರೆಯಬೇಕು. ನಮ್ಮನ್ನು ಕಾಪಾಡು ಎನ್ನಬೇಕು. ಬೆಟ್ಟದ ಜೊತೆ ಮಾತಾಡುವಾಗ ಬಾಗಿಲು ಮುಚ್ಚಿದ ನಾವೇ ಸರಿ. ಬೆಟ್ಟ ಬೆಟ್ಟ, ನಾವು ನಾವು. ಹಾಲು ಕುಡಿಯುವ ಮಗುವಿಗೂ ಅದು ಗೊತ್ತು. ನಾನು ಗಾಬರಿಯಲ್ಲಿ ತೆರೆದ ನಾವು ಹೇಳಿಬಿಟ್ಟೆ. ಅಂದರೆ ಬೆಟ್ಟವನ್ನೂ ನಮ್ಮೊಳಗೆ ಎಣಿಸಿ, ನಮ್ಮನ್ನೂ ನಿನ್ನನ್ನೂ ಸೇರಿಸಿ ಕಾಪಾಡಪ್ಪಾ ಎಂದ ಹಾಗಾಯಿತು. ಹಿಂದೆಯೇ ನನ್ನ ಅತ್ತೆ ಮೆಲ್ಚೋರಾಳ ದನಿ ಕೇಳಿತು.

"ಏನೇ ಕೋಚಪಾಟದೋಳೇ, ಬೆಟ್ಟಾನೂ ನಿನ್ ಜೊತೆ ಆಲೂಗಡ್ಡೆ ಅಗೆಯೋಕೆ ಬತ್ತಾನಾ? ಅವನಿಗೂ ಒಂದು ಗುದ್ದಲಿ ಕೊಡೋಣ್ವಾ?"

ಊರೆಲ್ಲ ನಕ್ಕಿತು. ಐದಾರು ವರ್ಷ ಆ ನಗು ನಿಲ್ಲಲಿಲ್ಲ. ದೊಡ್ಡಿ ಕಟ್ಟುವಾಗ, ಕಾಲುವೆ ತೋಡುವಾಗ, ಯಾರಾದರೂ ಬರದೇ ಹೋದರೆ, "ಕುಂತುರ್ ಸೆಂಕನ್ನ ಕರೀರಿ, ಬಸೀಲಿಯಾ ಕರೆದ್ರೆ ಬತ್ತಾನೆ" ಎನ್ನುವರು. ನನಗೆ ಅಂದಿನಿಂದ 'ನಾವು' ಎಂಬ ಮಾತಿನ ಮೇಲೆ ಕಿವಿ ನೆಟ್ಟಿತು. ಯಾರು ಯಾವಾಗ ಯಾವ ನಾವು ಹೇಳಿದರು ಎಂದು ಕೇಳಿದರೆ ಇವತ್ತಿಗೂ ಹೇಳಬಲ್ಲೆ.

ಹೊಸದಾಗಿ ಬಂದ ಸೊಸೆಗೆ ಒಂದೆರಡು ವರ್ಷ ಮುಚ್ಚಿದ ಮಾತನ್ನೇ ಆಡುವುದು ನಮ್ಮ ಕಡೆಯ ರೂಢಿ. ಅದರಲ್ಲಿ ಅವಮಾನವೇನಿಲ್ಲ. ಮೊದಲ ಮಗುವಾದ ಮೇಲೆ ಯಾವತ್ತೋ ಒಂದು ದಿನ, ಕೆಲಸ ಹೇಳುವಾಗಲೋ ಬೈಯುವಾಗಲೋ, ಅತ್ತೆಯ ಬಾಯಿಂದ 'ವಸಿಂಚಿಸ್' ಎಂದು ಬಂದುಬಿಡುತ್ತದೆ. ಅದಕ್ಕೆ ಶಾಸ್ತ್ರವಿಲ್ಲ, ಊಟವಿಲ್ಲ. ಹೇಳಿದವಳಿಗೆ ಹೇಳಿದ್ದು ಗೊತ್ತಾಗುವುದೂ ಇಲ್ಲ. ಕೇಳಿಸಿಕೊಂಡವಳು ಮಾತ್ರ ಅಡುಗೆಮನೆಗೆ ಹೋಗಿ ಗೋಡೆಗೆ ಒರಗಿ ನಿಲ್ಲುತ್ತಾಳೆ. ಅತ್ತೆಯ ಬಾಯಿಂದ ಬಂದ ಮೇಲೆ ಊರಿನ ಬಾಯಿಂದಲೂ ಬರುತ್ತದೆ. ನಿಕಾಸಿಯೋ ಮೊದಲ ದಿನದಿಂದಲೇ ನನಗೆ ತೆರೆದ ಮಾತು ಆಡುತ್ತಿದ್ದ. ಆದರೆ ಗಂಡನಾದವನು ಹೇಳದೆ ಇನ್ನೇನು ಮಾಡುತ್ತಾನೆ? ಅದು ಲೆಕ್ಕಕ್ಕಿಲ್ಲ.

ನನ್ನ ಹೊಟ್ಟೆಯಲ್ಲಿ ಮೊದಲ ಮಗುವಿಗೆ ಏಳು ತಿಂಗಳಾಗಿದ್ದಾಗ ಕಂಡಿಯ ಹುಲ್ಲುಗಾವಲಿನ ಜಗಳ ಹತ್ತಿಕೊಂಡಿತು. ಆ ಹುಲ್ಲು ನಮ್ಮದು ಎಂದು ಎರಡೂ ಊರಿನವರು ಅಂದರು. ಮುಚ್ಚಿದ ನಮ್ಮದು. ಮೊದಲು ಬಾಯಿ, ಆಮೇಲೆ ಕವಣೆ. ಕೋಚಪಾಟದ ಕಡೆಯಿಂದ ಬಂದ ಒಂದು ಕವಣೆಕಲ್ಲು ನನ್ನ ಮೈದುನನ ಎಡಗಣ್ಣು ತೆಗೆದುಕೊಂಡುಹೋಯಿತು. ಅವನು ಅತ್ತೆಯ ಕಿರಿಮಗ, ಹತ್ತೊಂಬತ್ತು ವರ್ಷ. ಅಂದಿನಿಂದ ಯಾರೂ ಕಂಡಿ ದಾಟಲಿಲ್ಲ. ಅಂದಿನಿಂದ ಅತ್ತೆಯ ಬಾಯಲ್ಲಿ ನಾನು 'ನಿಮ್ಮೋರು' ಎಂಬ ಮಾತಿನೊಳಗೆ ಸೇರಿಹೋದೆ.

"ನಿಮ್ಮೋರು ಉಪ್ಪು ಜಾಸ್ತಿ ಹಾಕ್ತಾರೇನೋ, ವಸಿಯ್ಕುನಲ್ಲಿ ಹಾಕಲ್ಲ" ಎನ್ನುವಳು. "ಅಪುಯ್ಕು ಆಲಿಕಲ್ಲು ಕಳಿಸ್ತಾನೆ ಇವತ್ತು, ನಿಂಗೆ ಗೊತ್ತಾಗಲ್ಲ, ಬಟ್ಟೆ ಒಳಗೆ ಹಾಕು" ಎನ್ನುವಳು. ಕೆಟ್ಟವಳಲ್ಲ. ನನ್ನ ನಾಲ್ಕು ಹೆರಿಗೆಗೂ ಅವಳ ಕೈಯೇ ಆಯಿತು. ನನ್ನ ಎರಡನೆಯ ಮಗು ಹೋದಾಗ ಮೂರು ದಿನ ನನ್ನ ಪಕ್ಕದಿಂದ ಏಳಲಿಲ್ಲ. ಆದರೆ ಆ ಒಂದು ಮಾತು ಕೊಡಲಿಲ್ಲ. ನಾನೂ ಕೇಳಲಿಲ್ಲ. ಕೇಳಿ ಪಡೆಯುವ ಮಾತಲ್ಲ ಅದು.

ಬೇರೆ ದಾರಿಯಿಂದ ತವರಿಗೆ ಹೋಗಬೇಕೆಂದರೆ ಲಾರಿ ಹತ್ತಿ, ಪಟ್ಟಣಕ್ಕೆ ಇಳಿದು, ಸುತ್ತು ಹಾಕಿ ನಾಲ್ಕು ದಿನ. ಹೋದರೂ ಕೋಚಪಾಟದವರು ಚಿಲ್ಕಪಂಪದ ಸೊಸೆಯನ್ನು ಊರೊಳಗೆ ಬಿಡುತ್ತಿರಲಿಲ್ಲ. ಅವ್ವ ಸತ್ತದ್ದು ಹನ್ನೊಂದು ದಿನ ಕಳೆದು ತಿಳಿಯಿತು. ಅಪ್ಪ ಸತ್ತದ್ದು ತಿಳಿಯುವ ಹೊತ್ತಿಗೆ ಅವನ ಮೇಲೆ ಹುಲ್ಲು ಬಂದಿತ್ತು. ಅತ್ತೆ ನಾನು ಕೂತ ಕಡೆ ಬಂದು ಒಂದು ಬಟ್ಟಲು ಗಂಜಿ ಇಟ್ಟು ಹೋದಳು. ಅಷ್ಟೂ ವರ್ಷ ನನಗೆ ಒಂದೇ ಆಸೆ. ಕಂಡಿ ದಾಟಬೇಕು, ಸುಯಾನನ ಎದುರು ನಿಲ್ಲಬೇಕು, ಪಕ್ಕದಲ್ಲಿ ನನ್ನ ಊರಿನವರು ಯಾರಾದರೂ ಒಬ್ಬರು ನಿಂತು, 'ನೋಡೇ ಬಸೀಲಿಯಾ, ಅಪುಂಚಿಸ್' ಎನ್ನಬೇಕು. ನಮ್ಮ ಬೆಟ್ಟ, ನಿಂದೂ. ಒಂದು ಸಲ ಸಾಕಿತ್ತು. ಊರಿನ ಎಡೆಯ ದಿನ ಎಲೆ ಜೋಡಿಸಿ ಬಾಯಲ್ಲಿ ಕುಂತುರ್ ಸೆಂಕ ಎನ್ನುತ್ತಿದ್ದೆ, ಉಸಿರನ್ನು ಮಾತ್ರ ಪಕ್ಕಕ್ಕೆ, ಕಂಡಿಯ ಕಡೆಗೆ ಊದುತ್ತಿದ್ದೆ. ಗಾಳಿಗೆ ತಿರುಗಿತೆಂದು ನೋಡಿದವರು ಅಂದುಕೊಳ್ಳಲಿ.

ಅತ್ತೆಗೆ ಈಗ ಎಂಬತ್ತೇಳು. ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ಮಾತ್ರ ತಿಳಿಯುತ್ತದೆ. ಬೆಳಗಾದರೆ ಅಂಗಳದಲ್ಲಿ ಕುರಿಚರ್ಮ ಹಾಸಿಕೊಂಡು, ತಕಲಿ ಹಿಡಿದು ಉಣ್ಣೆ ನೂಲುತ್ತಾಳೆ. ಕುಂತುರ್ ಸೆಂಕನಿಗೆ ಬೆನ್ನು ಹಾಕಿ, ದೊಡ್ಡಿಯ ಗೋಡೆಯ ಕಡೆ ಮುಖ ಮಾಡಿ ಕೂರುವುದು ಅವಳ ಹಳೆಯ ಪದ್ಧತಿ. ಬೆಟ್ಟದ ಝಳ ಕಣ್ಣಿಗೆ ಆಗದು ಎಂದು ಒಂದು ಸಲ ಹೇಳಿದ್ದಳು. ಕಣ್ಣು ಹೋದ ಮೇಲೂ ಹಾಗೆಯೇ ಕೂರುತ್ತಿದ್ದಳು. ನಾನು ಅದನ್ನು ಯೋಚಿಸಲು ಹೋಗಿರಲಿಲ್ಲ.

ಈ ವರ್ಷ ಜೂನ್ ತಿಂಗಳಲ್ಲಿ, ಆಲೂಗಡ್ಡೆಯನ್ನು ರಾತ್ರಿಯ ಕೊರೆಯುವ ಚಳಿಗೆ ಹರಡಿ ತುಳಿದು ಒಣಗಿಸುವ ಕೆಲಸ ಮುಗಿದ ವಾರ, ಹುಲ್ಲುಗಾವಲಿನ ಜಗಳ ಮುಗಿಯಿತು. ಎರಡೂ ಊರಿನ ಹಿರಿಯರು ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಕಂಡಿಯಲ್ಲಿ ಕೂತು ಜೋಳದ ಹೆಂಡ ಕುಡಿದು, ತಬ್ಬಿಕೊಂಡು ಅತ್ತರಂತೆ. ಮರುದಿನ ನನ್ನ ತಂಗಿ ತೊಮಾಸಾಳ ಫೋನು ಬಂತು.

"ಅಕ್ಕಾ, ಬಾರೇ. ಸುಯಾನನ ತಲೇ ಮೇಲೆ ಇನ್ನು ಎಷ್ಟು ದಿನ ಹಿಮ ಇರ್ತದೋ. ಬರೋ ವರ್ಷ ಬತ್ತೀನಿ ಅಂದ್ರೆ ಬರೀ ಬಂಡೆ ನೋಡ್ತೀಯ."

ಫೋನು ಇಟ್ಟವಳೇ ಅತ್ತೆಯ ಎದುರು ಹೋಗಿ ನಿಂತು, ತವರಿಗೆ ಹೋಗಿಬರುತ್ತೇನೆ ಎಂದೆ. ತಕಲಿ ತಿರುಗುತ್ತಲೇ ಇತ್ತು.

"ಹೋಗು. ನಿಮ್ಮೋರು ಇನ್ನೊಂದು ಕಣ್ಣು ಕೇಳಿದ್ರೆ ನಂದು ಎರಡೂ ಕೊಡ್ತೀನಂತೆ ಅನ್ನು. ಹೆಂಗೂ ಕಾಣಾಕಿಲ್ಲ."

ಹೊರಡುವ ಬೆಳಗ್ಗೆ, ಮೇಲುಹೊದಿಕೆಯಲ್ಲಿ ಹುರಿದ ಜೋಳದ ಗಂಟು ಕಟ್ಟಿಕೊಳ್ಳುತ್ತಿದ್ದಾಗ, ಅವಳೇ ಅಂಗಳದಿಂದ ಕರೆದಳು.

"ಬಸೀಲಿಯಾ. ಕಂಡೀಲಿ ಕಲ್ಲುಗುಡ್ಡೆ ಐತಲ್ಲ, ಅದಕ್ಕೆ ಬೆನ್ನು ಕೊಟ್ಟು ನಿಂತ್ಕೊ. ಬಲಕ್ಕೆ ನಿಮ್ಮೋನು. ಎಡಕ್ಕೆ ನೋಡು. ಮೂರನೇ ಸಾಲಿನಾಗೆ ಯುರಕ್ ಮಾಮ ಕಾಣ್ತಾಳೆ. ಮೈ ಮೇಲೆ ಹಿಮ ಎಷ್ಟು ಐತೆ ನೋಡ್ಕೊಂಡ್ ಬಾ."

ಯುರಕ್ ಮಾಮ ಎಂದರೆ ಬಿಳಿತಾಯಿ. ಆ ಹೆಸರನ್ನು ಅವಳ ಬಾಯಲ್ಲಿ ನಾನು ಕೇಳಿರಲೇ ಇಲ್ಲ.

"ಯಾರತ್ತೆ ಯುರಕ್ ಮಾಮ?"

"ಯಾರು ಅಂದ್ರೆ?" ಎಂದು ಗದರಿದಳು. "ನಾನೇನು ಈ ಅಂಗಳದಾಗೇ ಮೊಳೆತ ಆಲೂಗಡ್ಡೆನಾ?"

ಹೊದಿಕೆಯ ತುದಿಯ ಗಂಟು ಬಿಚ್ಚಿ ಮೂರು ಕೋಕಾ ಎಲೆ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಒಂದೂ ಹರಿಯದ, ಸುಕ್ಕಿಲ್ಲದ ಎಲೆಗಳು. ಕಣ್ಣು ಕಾಣದವಳು ಬೆರಳಿನಲ್ಲೇ ಆರಿಸಿದ್ದಳು. ಆಗ ನಾನು ಅವಳು ಕೂತ ದಿಕ್ಕು ನೋಡಿದೆ. ದೊಡ್ಡಿಯ ಗೋಡೆ, ಅದರ ಹಿಂದೆ ದಿಣ್ಣೆ, ದಿಣ್ಣೆಯ ಹಿಂದೆ ಕಂಡಿಯ ಎಡಭಾಗ. ಅರವತ್ತೈದು ವರ್ಷದಿಂದ ಇವಳು ಝಳಕ್ಕೆ ಬೆನ್ನು ಹಾಕಿದ್ದಲ್ಲ, ತವರಿಗೆ ಮುಖ ಮಾಡಿದ್ದು. ನಾನು ಒಂದೇ ಮನೆಯಲ್ಲಿದ್ದೂ ಇದನ್ನು ಕಾಣಲಿಲ್ಲ. ನನಗೆ ನನ್ನ ಬೆಟ್ಟದ್ದೇ ಆಗಿತ್ತು.

ನಿಕಾಸಿಯೋ ಎರಡು ಲಾಮಾ ಹೊಡೆದುಕೊಂಡು ಕಂಡಿಯವರೆಗೆ ಬಂದ. ಗುಡ್ಡೆಯ ಮೇಲೆ ತಲಾ ಒಂದು ಕಲ್ಲು ಇಟ್ಟೆವು. ನಾನು ತಲೆ ಎತ್ತಿದೆ. ಸುಯಾನ ಅಲ್ಲೇ ಇದ್ದ.

ಮುಂಚಿನ ಸುಯಾನನಲ್ಲ. ಸೊಂಟದವರೆಗೆ ಇದ್ದ ಹಿಮ ಹೆಗಲಿಗೆ ಏರಿತ್ತು, ಹೆಗಲಿನದು ಕತ್ತಿಗೆ. ಕೆಳಗೆಲ್ಲ ಬೂದು ಬಂಡೆ, ಮುದುಕರ ಪಕ್ಕೆಲುಬಿನ ಹಾಗೆ. ತಲೆಯ ಮೇಲೆ ಒಂದು ಕರವಸ್ತ್ರ ಹಾಸಿದಷ್ಟು ಬಿಳುಪು. ಆದರೂ ಅವನೇ. ಮೂವತ್ತೆಂಟು ವರ್ಷ ಆದಮೇಲೆ ಅಪ್ಪನನ್ನು ನೋಡಿದರೆ ಅವನು ಮುದುಕನಾಗಿರುವುದಿಲ್ಲವೇ? ನಾನು ನೆಲಕ್ಕೆ ಕೂತು, ಸಂತೆಯಲ್ಲಿ ಕಳೆದುಹೋದ ಮಗುವಿನ ಹಾಗೆ ಅತ್ತುಬಿಟ್ಟೆ. ನಿಕಾಸಿಯೋ ಲಾಮಾಗಳ ಕಿವಿಯ ಕುಚ್ಚು ಸರಿಮಾಡುತ್ತ ನಿಂತ.

"ನಾಳಿದ್ದು ಮಧ್ಯಾಹ್ನ. ಇಲ್ಲೇ ಇರ್ತೀನಿ" ಎಂದ.

ಬಲಗಡೆ ಸುಯಾನನನ್ನೇ ನೋಡುತ್ತ ನೋಡುತ್ತ ಇಳಿದುಬಿಟ್ಟೆ. ಎಡಕ್ಕೆ ನೋಡಲೇ ಇಲ್ಲ. ಎಲೆಗಳು ಸೊಂಟದ ಚೀಲದಲ್ಲೇ ಉಳಿದವು.

ತೊಮಾಸಾ ದಾರಿಗೆ ಅಡ್ಡ ಬಂದು ತಬ್ಬಿಕೊಂಡಳು. ನಾನು ಬಿಟ್ಟು ಹೋದಾಗ ಹನ್ನೆರಡರ ಹುಡುಗಿ, ಈಗ ಐವತ್ತರ ಅಜ್ಜಿ, ಅವ್ವನದೇ ಗದ್ದ. ಮನೆಗೆ ತಗಡಿನ ಸೂರು ಬಂದಿತ್ತು. ಬಾಗಿಲನ್ನು ರಸ್ತೆಯ ಕಡೆಗೆ ಇಟ್ಟಿದ್ದರು, ಸುಯಾನನ ಕಡೆಯ ಗೋಡೆ ಮುಚ್ಚಿಹೋಗಿತ್ತು. ಅಂಗಳದ ಕಾಲುವೆಯಲ್ಲಿ ನೀರಿರಲಿಲ್ಲ, ಒಂದು ಪ್ಲಾಸ್ಟಿಕ್ ಚೆಂಡು ಬಿದ್ದಿತ್ತು. ನಾನು ಒಲೆಯ ಹತ್ತಿರ ಹೋಗಿ ಆಲೂಗಡ್ಡೆ ಸುಲಿಯಲು ಚಾಕು ಹುಡುಕಿದೆ. ತೊಮಾಸಾ ನನ್ನ ಕೈ ಹಿಡಿದುಕೊಂಡಳು.

"ಅಯ್ಯೋ ಬಿಡಕ್ಕಾ! ಅಷ್ಟು ದೂರದಿಂದ ಬಂದಿದೀಯ. ಕೂತ್ಕೊ, ಕೂತ್ಕೊ."

ಮೆತ್ತನೆಯ ಕುರಿಚರ್ಮ ಹಾಸಿದಳು. ನನಗೆಂದೇ, ಹಬ್ಬಕ್ಕೆ ಮಾತ್ರ ಕೊಯ್ಯುವ ಗಿನಿಹಂದಿ ಹುರಿದು, ದೊಡ್ಡ ತುಂಡು ನನ್ನ ತಟ್ಟೆಗೆ ಹಾಕಿದಳು. ಅವಳ ಮಕ್ಕಳು ಸೊಸೆಯಂದಿರು ಗೋಡೆಗೆ ಸಾಲಾಗಿ ಕೂತು ನಾನು ತಿನ್ನುವುದನ್ನು ನೋಡಿದರು. ಪ್ರೀತಿಗೆ ಕಡಿಮೆ ಇರಲಿಲ್ಲ. ಆದರೆ ಮನೆಮಗಳಿಗೆ ಯಾರೂ ಕುರಿಚರ್ಮ ಹಾಸುವುದಿಲ್ಲ, ಅವಳು ಸಿಕ್ಕ ಕಡೆ ಕೂರುತ್ತಾಳೆ. ಅದು ನನಗೆ ಚುಚ್ಚಿತು. ಹಸಿವಿಲ್ಲದಿದ್ದರೂ ತಿಂದೆ. ರುಚಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮರುದಿನ ಬೆಳಗ್ಗೆ ಬಿಸಿಲು ಬಂದ ಮೇಲೆ ಇಬ್ಬರೂ ಮನೆಯ ಹಿಂದಿನ ದಿಣ್ಣೆ ಹತ್ತಿದೆವು. ಅಲ್ಲಿಂದ ಸುಯಾನ ಪೂರ್ತಿ ಕಾಣುತ್ತಾನೆ. ಚಿಕ್ಕಂದಿನಲ್ಲಿ ನಾವಿಬ್ಬರೂ ಅಲ್ಲೇ ಕುರಿ ಕಾಯುತ್ತಿದ್ದೆವು. ನಾನು ಅವಳ ಕೈ ಹಿಡಿದುಕೊಂಡಿದ್ದೆ. ಅವಳು ಇನ್ನೊಂದು ಕೈಯನ್ನು ಕಣ್ಣಿಗೆ ಮರೆ ಮಾಡಿಕೊಂಡು ನಿಟ್ಟುಸಿರು ಬಿಟ್ಟಳು.

"ನೋಡಕ್ಕಾ, ಅಪುಯ್ಕು ಹೆಂಗಾಗವ್ನೆ."

ಅಪುಯ್ಕು. ನಮ್ಮ ಬೆಟ್ಟ, ನಿಂದಲ್ಲ.

ನಾನು ಅವಳ ಕೈ ಬಿಟ್ಟೆ. ತೊಮಾಸಾಗೆ ಏನೂ ತಿಳಿಯಲಿಲ್ಲ, ಅವಳು ಮಾತಾಡುತ್ತಲೇ ಇದ್ದಳು. ಯಾವ ವರ್ಷ ಎಷ್ಟು ಕರಗಿತು, ನೀರಿಗೆ ಎಷ್ಟು ದೂರ ಹೋಗಬೇಕು, ಪಟ್ಟಣದಿಂದ ಯಾರೋ ಅಳೆಯಲು ಬಂದದ್ದು. ಅವಳು ಬೇಕೆಂದು ಅಂದಿದ್ದರೆ ಜಗಳವಾಡಬಹುದಿತ್ತು. ಜಗಳದಲ್ಲಿ ನಾನು ಸೋಲುವವಳಲ್ಲ. ಆದರೆ ಅವಳು ಅಂದದ್ದು, ಪಕ್ಕದೂರಿನಿಂದ ಬಂದ ಯಾವ ಹೆಂಗಸಿಗೂ ಅನ್ನುವ ಹಾಗೆ, ಬಾಯಿಗೆ ಬಂದ ಹಾಗೆ. ಬಾಗಿಲು ಹಾಕಿದ್ದು ಅವಳಲ್ಲ. ಅದು ಯಾವತ್ತೋ ತಾನೇ ಹಾಕಿಕೊಂಡಿತ್ತು, ನಾನು ಆಚೆ ನಿಂತು ತೆಗೆದಿದೆ ಎಂದುಕೊಂಡಿದ್ದೆ.

ಅವಳು ಕುರಿ ತಿರುಗಿಸಲು ಇಳಿದಾಗ ನಾನೊಬ್ಬಳೇ ಉಳಿದೆ. ನನ್ನದೇ ಮೂರು ಎಲೆ ತೆಗೆದು ಜೋಡಿಸಿದೆ. ಸುಯಾನಾ ಎಂದು ಕರೆದೆ. ಮುಂದಿನ ಮಾತು ನಮ್ಮನ್ನು ಕಾಪಾಡು ಎಂದು. ಬೆಟ್ಟಕ್ಕೆ ಮುಚ್ಚಿದ ನಾವೇ ಹೇಳಬೇಕು, ಸರಿ, ಈ ಸಲ ಗಾಬರಿಯಿಲ್ಲ. ಆದರೆ ಆ ಮುಚ್ಚಿದ ಬಾಗಿಲ ಒಳಗೆ ನನ್ನ ಜೊತೆ ಯಾರು? ಕೋಚಪಾಟದವರೇ? ಅವರು ಈಗತಾನೇ ಹೊರಗಿಟ್ಟರು. ಚಿಲ್ಕಪಂಪದವರೇ? ಅವರು ಒಳಗೆ ಬಿಟ್ಟೇ ಇಲ್ಲ. ಉಸಿರಿಗೆ ಎಲೆ ಅಲುಗಾಡುತ್ತಿತ್ತು.

"ನಾನು ಬಂದಿದ್ದೆ" ಎಂದೆ ಕೊನೆಗೆ. ನಾನು ಎನ್ನುವುದು ನಮ್ಮ ಮಾತಿನಲ್ಲಿ ಒಂದೇ ಇದೆ.

ಹೇಳಿದ ದಿನಕ್ಕೇ ಹೊರಟೆ. ತೊಮಾಸಾ ಅತ್ತಳು, ಒಂದು ಮೂಟೆ ಒಣ ಆಲೂಗಡ್ಡೆ ಹೊರಿಸಿದಳು. ಕಂಡಿಯ ಏರು ಹತ್ತುವಾಗ ನಾನು ತಿರುಗಿ ನೋಡಲಿಲ್ಲ. ಮೇಲೆ ಕಲ್ಲುಗುಡ್ಡೆಗೆ ಒರಗಿ ನಿಕಾಸಿಯೋ ಟೋಪಿ ಹೆಣೆಯುತ್ತ ಕೂತಿದ್ದ. ಮಡಿಲಲ್ಲಿ ಮುಕ್ಕಾಲು ಟೋಪಿ ಆಗಿತ್ತು. ಅಂದರೆ ಅವನು ಮಧ್ಯಾಹ್ನಕ್ಕೆ ಬಂದವನಲ್ಲ, ಹೋಗೇ ಇರಲಿಲ್ಲ.

"ಹೋಗ್ತಾ ಅಳ್ತಿದ್ದೆ. ಬರ್ತಾ ಸುಮ್ನಿದೀಯ. ಏನಾಯ್ತೇ?"

"ಏನಿಲ್ಲ. ಗಿನಿಹಂದಿ ಚೆನ್ನಾಗಿತ್ತು."

ಅವನು ನನ್ನ ಮುಖ ನೋಡಿ, ಹೆಣಿಗೆ ಸುತ್ತಿಟ್ಟು, ಮೂಟೆಯನ್ನು ಲಾಮಾದ ಬೆನ್ನಿಗೆ ಏರಿಸಿದ. ನಾನು ಸೊಂಟದ ಚೀಲದಿಂದ ಕರವಸ್ತ್ರ ತೆಗೆಯಹೋದಾಗ ಬೆರಳಿಗೆ ಅತ್ತೆಯ ಎಲೆಗಳು ತಗುಲಿದವು. ಆಗ ನೆನಪಾಯಿತು. ಗುಡ್ಡೆಗೆ ಬೆನ್ನು ಕೊಟ್ಟು ನಿಂತು ಎಡಕ್ಕೆ ನೋಡಿದೆ. ಮೊದಲ ಸಾಲು, ಎರಡನೆಯ ಸಾಲು, ಮೂರನೆಯದು. ಬಿಳಿಯ ಬೆಟ್ಟ ಒಂದೂ ಇರಲಿಲ್ಲ.

"ಯುರಕ್ ಮಾಮ ಯಾವ್ದು ರೀ?"

ಅವನು ಬೆರಳು ತೋರಿಸಿದ. ತಲೆಯಿಂದ ಕಾಲಿನವರೆಗೆ ಕರಿಬಂಡೆ. ಹಿಡಿಯಷ್ಟು ಹಿಮವಿಲ್ಲ.

"ಹತ್ತು ಹನ್ನೆರಡು ವರ್ಷ ಆಯ್ತು ಹಿಂಗಾಗಿ" ಎಂದ. "ಅವ್ವಂಗೆ ನಾನು ಹೇಳಿಲ್ಲ."

ಸುಯಾನನ ತಲೆಯ ಮೇಲೆ ಒಂದು ಕರವಸ್ತ್ರವಾದರೂ ಇದೆ ಎಂದು ನನಗೆ ಹೊಳೆಯಿತು. ನಾಚಿಕೆಯಾಯಿತು. ಅತ್ತೆಯ ಮೂರು ಎಲೆ ಜೋಡಿಸಿ ಆ ಕರಿಬಂಡೆಯ ಕಡೆಗೆ ಉಸಿರೂದಿದೆ. "ಬಿಳಿತಾಯೀ, ಮೆಲ್ಚೋರಾ ಕಳಿಸಿದಾಳೆ. ನಿನ್ ಕಡೇನೇ ಮುಖ ಮಾಡ್ಕೊಂಡು ಕೂತವ್ಳೆ" ಎಂದೆ. ನಾವು ಎನ್ನುವ ಗೋಜಿಗೆ ಹೋಗಲಿಲ್ಲ.

ನಾವು ಅಂಗಳಕ್ಕೆ ಬಂದಾಗ ಇನ್ನೂ ಬಿಸಿಲಿತ್ತು. ಅತ್ತೆ ತನ್ನ ಜಾಗದಲ್ಲೇ ಇದ್ದಳು. ನನ್ನ ಹೆಜ್ಜೆ ಗುರುತಿಸಿ, ತಕಲಿ ನಿಲ್ಲಿಸದೆ, ತಲೆ ಮಾತ್ರ ಸ್ವಲ್ಪ ವಾಲಿಸಿದಳು. ನಾನು ಒಳಗೆ ಹೋಗಿ ಒಲೆಯ ಮೇಲೆ ಸಾರಿಗೆ ಇಟ್ಟು, ತಿರುಗಿ ಬಂದು ಅವಳ ಎದುರು ನಿಂತೆ. ಅವಳೇ ಕೇಳಿದಳು.

"ಕಂಡ್ಳಾ?"

"ಕಂಡ್ಳು ಅತ್ತೆ."

"ಎಲೆ?"

"ಊದಿದೆ. ಹೆಸರು ಹೇಳ್ದೆ."

ದಾರ ಎರಡು ಸುತ್ತು ಸುತ್ತಿಕೊಂಡಿತು. "ಬೆಳ್ಳಗವ್ಳಾ?"

ಇಡೀ ಇಳಿಜಾರು ಇದೇ ಪ್ರಶ್ನೆಗೆ ಉತ್ತರ ಹುಡುಕುತ್ತ ಬಂದಿದ್ದೆ. ಸಿಕ್ಕಿರಲಿಲ್ಲ. ಅವಳ ಮುಖ ನೋಡಿದ ಮೇಲೆ ಹುಡುಕುವುದೇ ಬೇಕಾಗಲಿಲ್ಲ.

"ಬೆಳ್ಳಗವ್ಳೆ ಅತ್ತೆ. ಸೊಂಟದ ಗಂಟ ಹಿಮ."

"ಎಡಗಡೆ ಹೆಗಲ ಮೇಲೆ?"

"ಅಲ್ಲೂ ಐತೆ. ದಪ್ಪಕ್ಕೆ."

ತಕಲಿ ನಿಂತಿತು. ಅವಳು ಪೊರೆ ಬಂದ ಕಣ್ಣನ್ನು ನನ್ನ ಕಡೆ ಎತ್ತಿದಳು.

"ಎಡ ಹೆಗಲ ಮೇಲೆ ಯಾವ ಕಾಲಕ್ಕೂ ಹಿಮ ನಿಂತಿಲ್ಲ ಕಣೇ. ಅಲ್ಲಿ ಗಾಳಿ ಹೊಡೀತದೆ. ನಾನು ಹುಟ್ಟಿದಾಗ್ಲೂ ಅದು ಬೋಳೇ."

ದೊಡ್ಡಿಯಲ್ಲಿ ಅಲ್ಪಾಕಾಗಳು ಗುನುಗುತ್ತಿದ್ದವು. ಅತ್ತೆಯ ತುಟಿ ಅಲುಗಾಡಿತು, ಒಳಗೇ ಏನನ್ನೋ ನುಂಗಿಕೊಂಡ ಹಾಗೆ. ಆಮೇಲೆ ಮೂಗು ಒರೆಸಿಕೊಂಡು, ಎಂದಿನ ಗದರುವ ದನಿಯಲ್ಲಿ ಅಂದಳು:

"ಮೂವತ್ತೆಂಟು ವರ್ಷ ಆಯ್ತು, ವಸಿಂಚಿಸ್‌ನಾಗೆ ಇದ್ಕೊಂಡು ಒಂದು ಸುಳ್ಳು ನೆಟ್ಟಗೆ ಹೇಳಾಕೆ ಕಲೀಲಿಲ್ವಲ್ಲೇ ನೀನು."

ನಾನು ಅಡುಗೆಮನೆಗೆ ಹೋಗಿ ಗೋಡೆಗೆ ಒರಗಬೇಕಿತ್ತು. ಎಲ್ಲ ಸೊಸೆಯಂದಿರೂ ಹಾಗೆಯೇ ಮಾಡುವುದು. ನಾನು ಹೋಗಲಿಲ್ಲ. ಅವಳಿಗೆ ತಾನು ಅಂದದ್ದು ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಈಗಲೂ ಕೇಳುವುದಿಲ್ಲ.

"ನಿಮ್ಮೋನು?" ಎಂದಳು ಅವಳು. "ಸುಯಾನ? ನಿಜ ಹೇಳು."

"ಒಂದು ಕರವಸ್ತ್ರದಷ್ಟು ಐತೆ ಅತ್ತೆ. ತಲೇ ಮೇಲೆ."

"ಹೂಂ."

ಅವಳು ಕುಂಡೆ ಸರಿಸಿ, ಕುರಿಚರ್ಮದ ಅರ್ಧ ಬಿಟ್ಟಳು. ನಾನು ಕುಂತುರ್ ಸೆಂಕನಿಗೆ ಬೆನ್ನು ಹಾಕಿ ಅವಳ ಪಕ್ಕ ಕೂತೆ. ಅಲ್ಲಿಂದ ಸುಯಾನ ಕಾಣುವುದಿಲ್ಲ, ಯುರಕ್ ಮಾಮಳೂ ಕಾಣುವುದಿಲ್ಲ. ದೊಡ್ಡಿಯ ಗೋಡೆ ಕಾಣುತ್ತದೆ. ಒಳಗೆ ಸಾರು ಉಕ್ಕಿ ಒಲೆಗೆ ಸುರಿಯುವ ಸದ್ದಾಯಿತು, ನಿಕಾಸಿಯೋ ಏನೋ ಕೂಗಿದ. ನಾವು ಏಳಲಿಲ್ಲ.